ನಿಂತ ಲಾರಿಗೂ ಕಾಗದ ಬೇಕು

ಬೊಮ್ಮಯ್ಯನ ಲಾರಿ ಕೇರಿಯ ರಸ್ತೆಯಲ್ಲಿ ನಿಂತು ಮೂರು ಮಳೆಗಾಲ ಕಳೆದಿತ್ತು.

ಅವರ್ಸಾದಲ್ಲಿ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿಯುವ ಆ ರಸ್ತೆ ಮೊದಲೇ ಸಪೂರ. ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ತೆಂಗಿನ ಹಿತ್ತಲುಗಳ ಚಿರೆಕಲ್ಲಿನ ಗೋಡೆ. ಆ ಗೋಡೆಗೆ ಒರಗಿ ಮಲಗಿದ ಎಮ್ಮೆಯ ಹಾಗೆ ಲಾರಿ ನಿಂತಿತ್ತು. ಚಕ್ರದಲ್ಲಿ ಗಾಳಿ ಇಲ್ಲ. ಬಾಡಿಯೊಳಗೆ ಹುಲ್ಲು ಹುಟ್ಟಿ, ಹುಲ್ಲಿನ ನಡುವೆ ಒಂದು ಪಪ್ಪಾಯಿ ಗಿಡವೂ ಎದ್ದು ಕಾಯಿ ಬಿಟ್ಟಿತ್ತು. ಕೇರಿಯ ಕೋಳಿಗಳಿಗೆ ಮೊಟ್ಟೆ ಇಡಲು ಅದರಡಿಯೇ ಜಾಗ. ಸೈಕಲ್ಲು, ಬೈಕು ಹೇಗೋ ಪಕ್ಕದಲ್ಲಿ ನುಸುಳುತ್ತಿದ್ದವು. ರಿಕ್ಷಾದವರು ಮಾತ್ರ ಲಾರಿ ಕಂಡಲ್ಲೇ ಗಾಡಿ ನಿಲ್ಲಿಸಿ, "ಇನ್ನು ನಡ್ಕಂಡು ಹೋಗಿ" ಅನ್ನುತ್ತಿದ್ದರು.

ಬೊಮ್ಮಯ್ಯನಿಗೆ ಅದು ಇನ್ನೂ ಲಾರಿಯೇ. ದಿನಾ ಬೆಳಿಗ್ಗೆ ಚಾ ಕುಡಿದವನೇ ಒಂದು ಹಳೇ ಬನಿಯನ್ ಹಿಡಿದು ಹೋಗಿ ಎದುರಿನ ಗಾಜು ಒರೆಸಬೇಕು, ಕ್ಯಾಬಿನ್ ಹತ್ತಿ ಸ್ಟೇರಿಂಗ್ ಮೇಲೆ ಒಮ್ಮೆ ಕೈಯಾಡಿಸಬೇಕು. ಇಪ್ಪತ್ತೆರಡು ವರ್ಷ ಅದನ್ನು ಓಡಿಸಿದವ ಅವನು. ಅದಿರು ಹೊತ್ತಿದ್ದ, ಚಿರೆಕಲ್ಲು ಹೊತ್ತಿದ್ದ, ಮದುವೆ ಚಪ್ಪರದ ಸಾಮಾನೂ ಹೊತ್ತಿದ್ದ. ಮಗ ಸಂದೀಪ ಓದಿ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರಿ ಹಿಡಿದದ್ದೂ ಆ ಲಾರಿಯ ದುಡಿಮೆಯಿಂದಲೇ. ಮಗ ಫೋನು ಮಾಡಿದಾಗೆಲ್ಲ, "ಅಪ್ಪಾ, ಅದನ್ನ ತೆಗ್ದು ಹಾಕು" ಅನ್ನುತ್ತಿದ್ದ. "ದನಿ ಕೇಳ್ತಿಲ್ಲ, ಸಿಗ್ನಲ್ ಇಲ್ಲ" ಎಂದು ಬೊಮ್ಮಯ್ಯ ಫೋನು ಇಡುತ್ತಿದ್ದ.

ಲಾರಿಯ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸುಗಂಧಾ' ಎಂದು ಬರೆಸಿದ್ದ. ಅದು ಹೆಂಡತಿಯ ಹೆಸರು. ಹೊಸತರಲ್ಲಿ ಸುಗಂಧಾಗೆ ಅದು ಹೆಮ್ಮೆ, ಈಗ ಉಪದ್ರ.

"ಹೋಯ್, ಕೇಳ್ತಾ? ಸುಗಂಧಾಗೆ ತುಕ್ಕು ಹಿಡ್ದದೆ, ಸುಗಂಧಾನ ತಲೆ ಮೇಲೆ ಕಾಗೆ ಕೂತದೆ ಅಂತ ಕೇರಿ ತುಂಬ ನಗಾಡ್ತವು. ಒಂದೋ ಲಾರಿ ತೆಗೀರಿ, ಇಲ್ಲಾ ನನ್ನ ಹೆಸ್ರು ಅಳಿಸಿ."

"ಹೆಸ್ರು ಅಳಿಸಿದ್ರೆ ಅದು ಅನಾಥ ಆಗ್ತದೆ ಮಾರಾಯ್ತಿ," ಎಂದು ಬೊಮ್ಮಯ್ಯ ನಕ್ಕು ಹಿತ್ತಲಿಗೆ ಹೋಗುತ್ತಿದ್ದ.

ಕೇರಿಗೆ ವಾರಕ್ಕೆರಡು ಸಲ ಪಂಚಾಯ್ತಿಯ ಕಸದ ಗಾಡಿ ಬರುತ್ತಿತ್ತು. ಓಡಿಸುವವಳು ವಿನುತಾ. ಸಮುದ್ರದಂಡೆಯ ಮೀನುಗಾರರ ಮನೆಯವಳು. ಸ್ವಸಹಾಯ ಸಂಘದ ಮೂಲಕ ಡ್ರೈವಿಂಗ್ ಕಲಿತು, ಲೈಸೆನ್ಸ್ ತೆಗೆದು, ಎರಡು ವರ್ಷದಿಂದ ಆ ಗಾಡಿಯ ಸ್ಟೇರಿಂಗ್ ಹಿಡಿದವಳು. ಲಾರಿಯಿಂದ ಆಚೆ ಅವಳ ಗಾಡಿ ಹೋಗುವುದಿಲ್ಲ. ಆಚೆ ಮನೆಗಳ ಹೆಂಗಸರು ಬಕೆಟ್ ಹೊತ್ತು ಇಲ್ಲಿಯವರೆಗೆ ಬರಬೇಕು.

ನವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ವಿನುತಾ ಗಾಡಿಯಿಂದ ಇಳಿದು ಬಂದಳು. ಬೊಮ್ಮಯ್ಯ ಗಾಜು ಒರೆಸುತ್ತಿದ್ದ.

"ಬೊಮ್ಮಯ್ಯಣ್ಣ, ಒಂದು ಮಾತು ಕೇಳ್ಲಾ? ಈ ಲಾರಿಗೆ ಇನ್ಶೂರೆನ್ಸ್ ಅದ್ಯಾ?"

"ಓಡೋ ಲಾರಿಗೆ ಇನ್ಶೂರೆನ್ಸ್. ನಿಂತ ಲಾರಿಗೆ ಎಂಥಾ ಕಾಗದ? ಮಲಗಿದವ್ನಿಗೆ ಚಪ್ಪಲಿ ಯಾಕೆ ತಂಗಿ?"

"ಮನೆಯೊಳಗೆ ಮಲಗಿದ್ರೆ ಚಪ್ಪಲಿ ಬೇಡ. ನೀವು ಇದನ್ನ ಮಲಗಿಸಿದ್ದು ರಸ್ತೆ ಮೇಲೆ ಅಲ್ದಾ? ಗಾಡಿ ಓಡೂಕೆ ಯೋಗ್ಯ ಅಂತ ಕೊಡೂ ಎಫ್‌ಸಿ? ಟ್ಯಾಕ್ಸು?"

ಬೊಮ್ಮಯ್ಯನಿಗೆ ಸಿಟ್ಟು ಬಂತು. ತಾನು ಲಾರಿ ಓಡಿಸಿ ಘಟ್ಟ ಹತ್ತಿ ಇಳಿಯುತ್ತಿದ್ದಾಗ ಈ ಹುಡುಗಿ ತೊಟ್ಟಿಲಲ್ಲಿದ್ದಳು. ಈಗ ತನಗೆ ಎಫ್‌ಸಿ ಕೇಳುತ್ತಾಳೆ!

"ಈ ರಸ್ತೆಗೆ ಜಾಗ ಬಿಟ್ಟು ಕೊಟ್ಟವ್ನು ಯಾರು ಗೊತ್ತಾ? ನಮ್ಮಪ್ಪ! ನಮ್ಮ ಹಿತ್ತಲು ಕಡಿದು ಮಾಡಿದ ರಸ್ತೆ ಇದು. ಇಲ್ಲಿ ಲಾರಿ ನಿಲ್ಸೂಕೆ ನಂಗೆ ಯಾರದ್ದೂ ಅಪ್ಪಣೆ ಬೇಡ."

ವಿನುತಾ ಜಗಳ ಆಡಲಿಲ್ಲ. "ನೀವು ದೊಡ್ಡವ್ರು. ಹೇಳೂದು ಹೇಳಿದೆ," ಎಂದು ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋದಳು. ಹಿಂದಕ್ಕೆ ತೆಗೆಯಬೇಕು, ಯಾಕೆಂದರೆ ತಿರುಗಿಸಲು ಅಲ್ಲಿ ಜಾಗವೇ ಇಲ್ಲ.

ಆದರೂ ಮಾತು ಬೊಮ್ಮಯ್ಯನ ಒಳಗೆ ಕೂತಿತು. ಮಾರನೇ ದಿನ ಅಂಕೋಲೆಯಿಂದ ನೀಲಿ ತಾಡಪತ್ರಿ ತಂದು ಲಾರಿಗೆ ಹೊದಿಸಿ, ಹಗ್ಗ ಬಿಗಿದ. ಕಾಣದಿದ್ದರೆ ಯಾರೂ ಕೇಳಲಿಕ್ಕಿಲ್ಲ ಎಂಬ ಲೆಕ್ಕ. ಸುಗಂಧಾ ಅಂಗಳದಲ್ಲಿ ನಿಂತು ನೋಡಿ, "ಈಗ ಎಮ್ಮೆಗೆ ಕಂಬಳಿ ಹೊದೆಸಿದ್ರಿ. ಎಮ್ಮೆ ಸಣ್ಣ ಆತಾ?" ಎಂದಳು. ಎರಡನೇ ದಿನದ ಗಾಳಿಗೆ ತಾಡಪತ್ರಿ ಹಾರಿ ಗದ್ದೆಯಲ್ಲಿ ಬಿತ್ತು.

ದಸರಾ ರಜೆಗೆ ಮೊಮ್ಮಗಳು ದೀಕ್ಷಾ ಕದ್ರಾದಿಂದ ಬಂದಳು. ಆರನೇ ಇಯತ್ತೆ. ಹೊಸತಾಗಿ ಸೈಕಲ್ ಕಲಿತವಳು. ಬೆಳಗಾದರೆ ಸಾಕು, ಕೇರಿಯ ಈ ತುದಿಯಿಂದ ಆ ತುದಿಗೆ ಬೆಲ್ ಬಾರಿಸುತ್ತ ಸವಾರಿ. ಅಜ್ಜ ಅವಳ ಸೈಕಲ್ಲಿಗೂ ಎಣ್ಣೆ ಬಿಟ್ಟು ಕೊಟ್ಟಿದ್ದ.

ಅವತ್ತು ಶನಿವಾರ, ಹತ್ತು ಗಂಟೆ ಹೊತ್ತು. ಆಯುಧ ಪೂಜೆ ಹತ್ತಿರ ಬಂತೆಂದು ಬೊಮ್ಮಯ್ಯ ಕ್ಯಾಬಿನ್‌ನಲ್ಲಿ ಕೂತು ಸ್ಟೇರಿಂಗ್ ತಿಕ್ಕುತ್ತಿದ್ದ. ಎದುರಿಂದ ಮೀನಿನ ರಾಜೀವನ ಬೈಕು ಬರುತ್ತಿತ್ತು. ಹಿಂದೆ ದೊಡ್ಡ ಬರ್ಫದ ಪೆಟ್ಟಿಗೆ. ಪೋಂ ಪೋಂ ಹಾರ್ನು ಕೇಳಿ ಹೆಂಗಸರು ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಬೊಮ್ಮಯ್ಯ ಪಕ್ಕದ ಕನ್ನಡಿ ನೋಡಿದ. ಅದರಲ್ಲಿ ದೀಕ್ಷಾ. ಲಾರಿಯ ಹಿಂದಿನಿಂದ, ತಲೆ ತಗ್ಗಿಸಿ, ಪೆಡಲು ಒತ್ತುತ್ತ ಜೋರಾಗಿ ಬರುತ್ತಿದ್ದಾಳೆ.

ರಾಜೀವನಿಗೆ ದೀಕ್ಷಾ ಕಾಣುವುದಿಲ್ಲ. ದೀಕ್ಷಾಗೆ ರಾಜೀವ ಕಾಣುವುದಿಲ್ಲ. ನಡುವೆ ಲಾರಿ. ಇಬ್ಬರೂ ಕಾಣುವುದು ಬೊಮ್ಮಯ್ಯನೊಬ್ಬನಿಗೇ.

ಕೂಗಬೇಕು ಅನ್ನುವಷ್ಟರಲ್ಲಿ ಕಾಲು ತಾನಾಗಿ ಬ್ರೇಕ್ ಒತ್ತಿತು. ಇಪ್ಪತ್ತೆರಡು ವರ್ಷ ಅಪಾಯ ಕಂಡಾಗೆಲ್ಲ ಒತ್ತಿದ ಕಾಲು. ಪೆಡಲು ಜೀವ ಇಲ್ಲದ ಹಾಗೆ ತಳಕ್ಕೆ ಹೋಗಿ ಕೂತಿತು. ಬೊಮ್ಮಯ್ಯ ಕಣ್ಣು ಮುಚ್ಚಿದ.

ದೊಪ್ಪನೆ ಶಬ್ದ. ಆಮೇಲೆ ಹೆಂಗಸರ ಕೂಗು.

ಕಣ್ಣು ಬಿಟ್ಟಾಗ ದೀಕ್ಷಾ ರಸ್ತೆಯ ನಡುವೆ ಸೈಕಲ್ ಹಿಡಿದು ನಿಂತಿದ್ದಳು. ಮುಖ ಸುಣ್ಣದ ಹಾಗೆ ಬಿಳಿ. ಆದರೆ ಮೈಗೆ ಒಂದು ಗೀರೂ ಇಲ್ಲ. ರಾಜೀವ ಅವಳನ್ನು ತಪ್ಪಿಸಲು ಬೈಕನ್ನು ಸೀದಾ ಗದ್ದೆಗೆ ಹಾರಿಸಿದ್ದ. ಬೈಕು ಒಂದು ಕಡೆ, ಪೆಟ್ಟಿಗೆ ಒಂದು ಕಡೆ, ರಾಜೀವ ಕೆಸರಲ್ಲಿ ಬೋರಲು. ಬಂಗಡೆ ಮೀನು ರಸ್ತೆ ತುಂಬ, ಗದ್ದೆ ತುಂಬ ಹೊಳೆಯುತ್ತಿತ್ತು.

ರಾಜೀವ ಎದ್ದ. ಮೊದಲು ಕೇಳಿದ್ದು, "ಮಗು ಚಲೋ ಅದ್ಯಾ?"

"ಚಲೋ ಅದೆ, ಚಲೋ ಅದೆ!" ಎಂದು ಕೇರಿಯೆಲ್ಲ ಒಟ್ಟಿಗೆ ಕೂಗಿತು.

ಅವನು ಮೊಣಕಾಲು ನೋಡಿಕೊಂಡ. ಚರ್ಮ ಸುಲಿದಿತ್ತು. ಮೈತುಂಬ ಕೆಸರು, ಅಂಗಿಯ ಕಿಸೆಯಲ್ಲಿ ಒಂದು ಬಂಗಡೆ. ಅದನ್ನು ತೆಗೆದು ನೋಡಿ, "ಹಿಡಿಯೂಕೆ ನಾಕು ತಾಸು ಬೇಕಾತು, ಬಿಡೂಕೆ ಒಂದೇ ನಿಮಿಷ!" ಎಂದ. ಹೆದರಿದ್ದವರೆಲ್ಲ ನಕ್ಕರು. ಆಮೇಲೆ ಮಕ್ಕಳು, ಹೆಂಗಸರು ಎಲ್ಲ ಗದ್ದೆಗಿಳಿದು ಮೀನು ಆರಿಸಿ ತೊಳೆದು ಪೆಟ್ಟಿಗೆಗೆ ತುಂಬಿದರು. ಎರಡು ಬೆಕ್ಕುಗಳ ಪಾಲಿಗೆ ಮಾತ್ರ ಅವತ್ತೇ ಹಬ್ಬವಾಯಿತು.

ಬೊಮ್ಮಯ್ಯನಿಗೆ ನಗು ಬರಲಿಲ್ಲ. ಕ್ಯಾಬಿನ್‌ನಿಂದ ಇಳಿದು ಮೊಮ್ಮಗಳ ತಲೆ ಮುಟ್ಟಿ ನೋಡಿದ, ಕೈ ಮುಟ್ಟಿ ನೋಡಿದ.

ಸುಗಂಧಾ ರಾಜೀವನನ್ನು ಜಗುಲಿಯಲ್ಲಿ ಕೂರಿಸಿ ಗಾಯ ತೊಳೆದಳು. ಆಸ್ಪತ್ರೆಗೆ ಹೋಗಿ ಟಿಟಿ ಇಂಜೆಕ್ಷನ್ ತೆಗೆದುಕೊಳ್ಳಲೇಬೇಕು ಎಂದು ಹಠ ಹಿಡಿದಳು. ಅಷ್ಟು ಹೊತ್ತಿಗೆ ಸುದ್ದಿ ಕೇಳಿ ವಿನುತಾ ಓಡಿ ಬಂದಳು. ರಾಜೀವ ಅವಳ ಕೇರಿಯವನೇ.

"ನಿಂತ ಲಾರಿ ಯಾರಿಗೂ ಏನೂ ಮಾಡೂದಿಲ್ಲ ಅಂತ ನಾ ತಿಳ್ಕಂಡಿದ್ದೆ," ಎಂದ ಬೊಮ್ಮಯ್ಯ. ದನಿ ಸಣ್ಣದಾಗಿತ್ತು.

ವಿನುತಾ ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಬೊಮ್ಮಯ್ಯಣ್ಣ, ಇವತ್ತು ದೇವ್ರು ದೊಡ್ಡವ. ರಾಜೀವಣ್ಣಂಗೆ ಹೆಚ್ಚುಕಮ್ಮಿ ಆಗಿದ್ರೆ? ಲಾರಿ ಓಡ್ತಿರ್ಲಿ, ಸಾರ್ವಜನಿಕ ರಸ್ತೆ ಮೇಲೆ ನಿಂತಿರ್ಲಿ, ಅದ್ರಿಂದ ಅಪಘಾತ ಆದ್ರೆ ಮಾಲೀಕನ ಮೇಲೆ ಹೊಣೆ ಬರ್ತದೆ. ಇನ್ಶೂರೆನ್ಸ್ ಇದ್ರೆ ಪೆಟ್ಟಾದವ್ರಿಗೆ ಕಂಪನಿ ಪರಿಹಾರ ಕೊಡ್ತದೆ. ಇಲ್ದಿದ್ರೆ ನೀವೇ ಕೊಡ್ಬೇಕು. ಮನೆ, ಹಿತ್ತಲು ಮಾರೂ ಪ್ರಸಂಗ ಬಂದವ್ರನ್ನ ನಾ ಕಂಡಿದ್ದೆ."

"ಆದ್ರೆ ನೋಂದಣಿ ಕಾಗದ, ಆರ್‌ಸಿ ಅದೆ ನನ್ನ ಹತ್ರ. ಟ್ರಂಕಿನಲ್ಲಿ ಜೋಪಾನ ಇಟ್ಟಿದ್ದೆ."

"ಟ್ರಂಕಿನಲ್ಲಿ ಇದ್ರೆ ಸಾಲ್ದು. ಲಾರಿಯಂಥ ಬಾಡಿಗೆ ಗಾಡಿಗೆ ಎಫ್‌ಸಿ ಮುಗಿದ್ರೆ, ಆರ್‌ಸಿ ಇದ್ದೂ ಇಲ್ಲದ ಹಾಗೇ ಲೆಕ್ಕ. ಇಷ್ಟು ಹಳೇ ಲಾರಿಗೆ ವರ್ಷಾ ವರ್ಷಾ ಎಫ್‌ಸಿ ಆಗ್ಬೇಕು. ಟ್ರೇನಿಂಗಿನಲ್ಲಿ ನಮ್ಗೆ ಇದನ್ನೆಲ್ಲ ಬಾಯಿಪಾಠ ಮಾಡ್ಸಿದ್ರು."

ಬೊಮ್ಮಯ್ಯನಿಗೆ ಕೊನೆಯದೊಂದು ಮಾತು ಉಳಿದಿತ್ತು. "ನಮ್ಮಪ್ಪ ಬಿಟ್ಟು ಕೊಟ್ಟ ಜಾಗ..." ಎಂದು ಶುರು ಮಾಡಿದ.

ಸುಗಂಧಾ ಒಳಗಿಂದ ಹೊರಗೆ ಬಂದಳು. ಕೈಯಲ್ಲಿ ರಾಜೀವನಿಗೆ ಚಾ.

"ಹೌದು. ಮಾವ ಹತ್ತು ಜನ ಓಡಾಡ್ಲಿ ಅಂತ ದಾರಿ ಬಿಟ್ಟು ಕೊಟ್ರು," ಎಂದಳು. "ನೀವು ಆ ದಾರಿ ಕಟ್ಟಿ ಕೂತ್ರಿ."

ಬೊಮ್ಮಯ್ಯ ರಸ್ತೆ ನೋಡಿದ. ಆಮೇಲೆ ಎದ್ದು ಒಳಗೆ ಹೋಗಿ ಟ್ರಂಕು ತೆಗೆದ. "ವಿನುತಾ, ಎಲ್ಲಿ ಹೋಗ್ಬೇಕು ಹೇಳು. ಸೋಮವಾರವೇ ಹೋಗ್ತೆ."

ಸೋಮವಾರ ಗಂಡ ಹೆಂಡತಿ ಕಾರವಾರದ ಬಸ್ಸು ಹತ್ತಿದರು. "ನಾನೂ ಬರ್ತೆ. ಲಾರಿ ಮೇಲೆ ಇರೂದು ನನ್ನ ಹೆಸ್ರು," ಎಂದು ಸುಗಂಧಾ ಹಸಿರು ಸೀರೆ ಉಟ್ಟು, ಅಬ್ಬಲಿಗೆ ಮುಡಿದು ತಯಾರಾಗಿದ್ದಳು. ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬಿಣಗಾ ದಾಟಿ ಸಮುದ್ರ ಕಂಡಾಗ ಸುಗಂಧಾ ಹೇಳಿದಳು, "ನಲವತ್ತು ವರ್ಷಕ್ಕೆ ನೀವು ನನ್ನ ಪಕ್ಕ ಸುಮ್ನೆ ಕೂತು ಸಮುದ್ರ ನೋಡಿದ್ದು ಇದೇ ಮೊದ್ಲು. ಯಾವಾಗ್ಲೂ ಸ್ಟೇರಿಂಗ್ ನೋಡೂದೇ ಆತು."

ಬೊಮ್ಮಯ್ಯ ನಾಚಿದ. ಅರವತ್ತೈದು ವರ್ಷದ ಗಂಡಸು, ಬಸ್ಸಿನಲ್ಲಿ ನಾಚಿದ.

ಆರ್‌ಟಿಒ ಕಚೇರಿಯಲ್ಲಿ ಬೈಸಿಕೊಳ್ಳಬೇಕಾದೀತು ಎಂದು ಹೆದರಿಕೊಂಡೇ ಹೋಗಿದ್ದರು. ಅಲ್ಲಿದ್ದ ಅಧಿಕಾರಿ ಮೇಡಂ ಕಾಗದ ನೋಡಿ, "ನೀವೇ ಬಂದಿರಲ್ಲ, ಒಳ್ಳೆಯದಾಯಿತು. ಹೆಚ್ಚಿನವರು ಪೊಲೀಸರು ಎಳೆದುಕೊಂಡು ಹೋದ ಮೇಲೆ ಬರುತ್ತಾರೆ," ಎಂದರು.

"ಪೊಲೀಸರು ಎಳೀತಾರಾ? ನಿಂತಿದ್ದನ್ನ?"

"ಸಾರ್ವಜನಿಕ ಜಾಗದಲ್ಲಿ ಹತ್ತು ತಾಸಿಗಿಂತ ಹೆಚ್ಚು ಹೊತ್ತು ವಾಹನ ಬಿಟ್ಟು ಹೋದರೆ ಅದನ್ನು ತೆಗೆಸಲು ಪೊಲೀಸರಿಗೆ ಕಾನೂನಿನಲ್ಲಿ ಅಧಿಕಾರ ಇದೆ. ದಾರಿಗೆ ಅಡ್ಡವಾಗಿದ್ದರೆ, ಅಪಾಯ ಇದ್ದರೆ, ಅಷ್ಟು ಹೊತ್ತೂ ಕಾಯಬೇಕಾಗಿಲ್ಲ. ಎಳೆದ ಖರ್ಚೂ ಮಾಲೀಕರದ್ದೇ. ನಿಮ್ಮದು ನಿಂತು ಎಷ್ಟು ಹೊತ್ತಾಯಿತು?"

ಬೊಮ್ಮಯ್ಯ ಸುಗಂಧಾಳ ಮುಖ ನೋಡಿದ. "ಮೂರು ವರ್ಷ, ಮೇಡಂ."

ಪಕ್ಕದ ಮೇಜಿನ ಗುಮಾಸ್ತರು ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. ಮೇಡಂ ನಗು ತಡೆಯಲು ನೋಡಿ ಸೋತರು. ಕೊನೆಗೆ ಬೊಮ್ಮಯ್ಯನೂ ನಕ್ಕ.

"ಈಗ ನೀವು ಹೇಳಿ," ಎಂದರು ಮೇಡಂ. "ಲಾರಿ ಓಡಿಸುವ ಆಸೆ ಇದೆಯೇ? ಇದ್ದರೆ ದುರಸ್ತಿ ಮಾಡಿಸಿ, ಎಫ್‌ಸಿ, ವಿಮೆ, ತೆರಿಗೆ, ಹೊಗೆ ತಪಾಸಣೆ, ಪರ್ಮಿಟ್ಟು ಎಲ್ಲ ಸರಿ ಮಾಡಿಕೊಳ್ಳಿ. ಆಮೇಲೂ ದಾರಿಗೆ ಅಡ್ಡ ನಿಲ್ಲಿಸಬಾರದು. ಕಾಗದ ಸರಿ ಇದೆ ಎಂದ ಮಾತ್ರಕ್ಕೆ ರಸ್ತೆ ನಮ್ಮ ಕೊಟ್ಟಿಗೆ ಆಗುವುದಿಲ್ಲ."

"ಸದ್ಯ ಓಡ್ಸೂದಿಲ್ಲ, ಆದ್ರೆ ಇಟ್ಕೊಳ್ತೆ ಅಂದ್ರೆ?"

"ಹಾಗಾದರೆ ಮುಂಚಿತವಾಗಿ ಇಲ್ಲಿಗೆ ಬರೆದು ಕೊಡಬೇಕು, ಗಾಡಿ ಉಪಯೋಗಿಸುವುದಿಲ್ಲ ಎಂದು. ದಾಖಲೆ ಒಪ್ಪಿಸಿ, ಎಲ್ಲಿ ನಿಲ್ಲಿಸುತ್ತೀರಿ ಎಂಬ ವಿಳಾಸವನ್ನೂ ಬರೆಯಬೇಕು. ಅದು ನಿಮ್ಮ ಸ್ವಂತ ಜಾಗ ಇರಬೇಕು, ಇಲ್ಲ ಬೇರೆಯವರ ಒಪ್ಪಿಗೆ ಪಡೆದ ಜಾಗ. ರಸ್ತೆ ಅಲ್ಲ. ನಾವು ಬಂದು ನೋಡುವುದೂ ಉಂಟು. ಹೇಳದೆ ಸುಮ್ಮನೆ ನಿಲ್ಲಿಸಿದರೆ ಓಡುತ್ತಿದೆ ಎಂದೇ ತಿಳಿದು ತೆರಿಗೆ ಬೀಳುತ್ತಾ ಹೋಗುತ್ತದೆ."

ಬೊಮ್ಮಯ್ಯ ಹಣೆ ಉಜ್ಜಿದ. ಮೂರು ವರ್ಷದ ಹಿಂದೆಯೇ ಒಂದು ಹಾಳೆ ಬರೆದು ಕೊಟ್ಟಿದ್ದರೆ ಮುಗಿಯುತ್ತಿತ್ತು.

"ಇನ್ನು ಕೈಲಾಗದಷ್ಟು ಹಳತಾಗಿದ್ದರೆ, ಸರಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಒಪ್ಪಿಸಿ. ಅವರು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತಂದರೆ ನಿಮ್ಮ ಹೆಸರಿನಿಂದ ನೋಂದಣಿ ರದ್ದು ಮಾಡುತ್ತೇವೆ. ಮುಂದೆ ಮನೆಯವರು ಹೊಸ ಗಾಡಿ ಕೊಳ್ಳುವುದಿದ್ದರೆ ಆ ಪತ್ರಕ್ಕೆ ರಿಯಾಯಿತಿ ಏನಿದೆ ಎಂದು ಆಗ ಕೇಳಿ."

ಹೊರಗೆ ಬಂದಾಗ ಬೊಮ್ಮಯ್ಯನ ಎದೆ ಹಗುರಾಗಿತ್ತು. ಪೇಟೆಯ ಹೋಟೆಲ್ಲಿನಲ್ಲಿ ಸುಗಂಧಾಗೆ ಬನ್ಸ್-ಭಾಜಿ ಕೊಡಿಸಿದ. ಅವಳು ಎರಡು ತಿಂದು, ಮೂರನೆಯದನ್ನು ದೀಕ್ಷಾಗೆ ಕಟ್ಟಿಸಿಕೊಂಡಳು.

ಮರುದಿನ ಅಂಕೋಲೆಯಿಂದ ಮೆಕ್ಯಾನಿಕ್ ರೋಷನ ಬಂದ. ಲಾರಿಯಡಿ ತೂರಿ, ಅಲ್ಲಿ ಇಲ್ಲಿ ಸುತ್ತಿಗೆಯಿಂದ ಬಡಿದು, ಅರ್ಧ ತಾಸಿನ ಮೇಲೆ ಹೊರಗೆ ಬಂದ.

"ಬೊಮ್ಮಯ್ಯಣ್ಣ, ಎಂಜಿನ್ ಇನ್ನೂ ಗಟ್ಟಿ ಅದೆ. ನೀವು ಮಗು ಹಾಗೆ ನೋಡ್ಕಂಡವ್ರು. ಆದ್ರೆ ಉಪ್ಪು ಗಾಳಿ ಅಡಿಯ ಚೌಕಟ್ಟು, ಚಾಸಿ ತಿಂದದೆ. ಕೈಯಲ್ಲಿ ಒತ್ತಿದ್ರೆ ಉದುರ್ತದೆ. ಇದಕ್ಕೆ ಎಫ್‌ಸಿ ಆಗೂದಿಲ್ಲ. ಆಗೂದೂ ಬೇಡ."

ಬೊಮ್ಮಯ್ಯ ಲಾರಿಯ ಬಾನೆಟ್ ಮೇಲೆ ಕೈ ಇಟ್ಟು ನಿಂತ. ಗೊತ್ತಿದ್ದ ಮಾತೇ. "ಸರಿ," ಎಂದ ಕೊನೆಗೆ. "ಗೌರವದಿಂದ ಕಳ್ಸಿ ಕೊಡ್ವ."

ಅವತ್ತೇ ಸಂಜೆ ಯಾರೋ ಗುಜರಿಯವನು ಬಂದು, ಇಲ್ಲೇ ಕತ್ತರಿಸಿ ಒಯ್ಯುತ್ತೇನೆ, ಕಾಗದ-ಗೀಗದದ ಕಿರಿಕಿರಿ ಇಲ್ಲ ಎಂದ. ಬೊಮ್ಮಯ್ಯ ಹೂಂ ಅನ್ನುವಷ್ಟರಲ್ಲಿ ವಿನುತಾ ನೆನಪಾದಳು. ಫೋನು ಮಾಡಿದ.

"ಬೇಡ ಬೊಮ್ಮಯ್ಯಣ್ಣ!" ಎಂದಳು ಅವಳು. "ಲಾರಿ ಹೋಗ್ತದೆ, ಆದ್ರೆ ಕಾಗದದಲ್ಲಿ ನಿಮ್ಮ ಹೆಸ್ರಿನಲ್ಲೇ ಉಳೀತದೆ. ನಾಳೆ ಆ ನಂಬರ್ ಪ್ಲೇಟು, ಚಾಸಿ ನಂಬರು ಬೇರೆ ಯಾವ್ದೋ ಗಾಡಿಗೆ ಹಾಕಿ ಏನಾದ್ರೂ ಮಾಡಿದ್ರೆ ಪೊಲೀಸರು ಬರೂದು ನಿಮ್ಮ ಬಾಗಿಲಿಗೆ. ಮೇಡಂ ಹೇಳಿದ ದಾರಿಯಲ್ಲೇ ಹೋಗಿ."

ನೋಂದಾಯಿತ ಕೇಂದ್ರಕ್ಕೆ ಸಂದೀಪ ಕದ್ರಾದಿಂದಲೇ ಅರ್ಜಿ ಹಾಕಿದ. ಬಾಕಿ ಇದ್ದ ತೆರಿಗೆ ಕಟ್ಟಿಯಾಯಿತು. ಅವರು ಬಂದು ಒಯ್ಯಲು ಕೆಲವು ದಿನ ಬೇಕಿತ್ತು. ಅಲ್ಲಿಯವರೆಗೆ ರಸ್ತೆಯಲ್ಲಿ ಇಡುವ ಹಾಗಿಲ್ಲ. ಬೊಮ್ಮಯ್ಯ ತಾನೇ ಹಾರೆ ಹಿಡಿದು ಹಿತ್ತಲ ಗೋಡೆಯನ್ನು ಲಾರಿ ಹೋಗುವಷ್ಟು ಅಗಲ ಕಿತ್ತ. ರೋಷನ ಚಕ್ರಗಳಿಗೆ ಗಾಳಿ ತುಂಬಿ, ತುಕ್ಕಿನಿಂದ ಚಕ್ರಕ್ಕೆ ಕಚ್ಚಿಕೊಂಡಿದ್ದ ಬ್ರೇಕು ಬಿಡಿಸಿದ. ಎಳೆಯಲು ಕ್ರೇನು ಹೇಳುವುದೇ ಎಂದು ಯೋಚಿಸುತ್ತಿರುವಾಗ ರಾಜೀವ ಬಂದ. ಮೊಣಕಾಲಿಗೆ ಪಟ್ಟಿ ಇತ್ತು, ಮುಖದಲ್ಲಿ ನಗು ಇತ್ತು.

"ಕ್ರೇನು ಯಾಕೆ? ಸಮುದ್ರದಿಂದ ರಂಪಣಿ ಬಲೆ ಎಳಿಯೂ ಜನ ನಾವು. ಒಂದು ಲಾರಿ ಎಳಿಯೂಕೆ ಆಗೂದಿಲ್ವಾ?"

ರವಿವಾರ ಬೆಳಿಗ್ಗೆ ಮೀನುಗಾರರ ಕೇರಿಯಿಂದ ಮೂವತ್ತು ಜನ ಬಂದರು. ಹೆಗಲ ಮೇಲೆ ಬಲೆಯ ದಪ್ಪ ಹಗ್ಗ. ವಿನುತಾ ರಸ್ತೆಯ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ, ಬರುವವರನ್ನು ತಡೆದು ನಿಲ್ಲಿಸಿದಳು. ಲಾರಿಗೆ ಬ್ರೇಕು ಇಲ್ಲವೆಂದು ರೋಷನ ಚಕ್ರದ ಹಿಂದೆ ಕೊಡಲು ಮರದ ತುಂಡು ಹಿಡಿದು ನಿಂತ. ಮಕ್ಕಳನ್ನೆಲ್ಲ ಸುಗಂಧಾ ಜಗುಲಿಯ ಮೇಲೆ ಹತ್ತಿಸಿ, "ಯಾರೂ ಇಳೀಬಾರ್ದು" ಎಂದು ಕೋಲು ಹಿಡಿದು ಕಾದಳು.

ಬೊಮ್ಮಯ್ಯ ಬಿಳಿ ಅಂಗಿ ಹಾಕಿಕೊಂಡು ಕ್ಯಾಬಿನ್ ಹತ್ತಿದ. ಸ್ಟೇರಿಂಗ್ ಹಿಡಿಯುವವ ಬೇಕಲ್ಲ!

"ಹೈಸಾ!" ಎಂದ ರಾಜೀವ.

"ಹೈಸಾ!" ಎಂದರು ಮೂವತ್ತು ಜನ.

ಲಾರಿ ಮೊದಲು ಕದಲಲಿಲ್ಲ. ಎರಡನೇ ಸಲಕ್ಕೆ ಒಮ್ಮೆ ನರಳಿತು. ಮೂರನೇ ಸಲಕ್ಕೆ ಚಕ್ರ ತಿರುಗಿತು. ಅಡಿಯಿಂದ ಎರಡು ಕೋಳಿ ಕಿರುಚಿಕೊಂಡು ಹೊರಗೆ ಓಡಿದವು. ಜಗುಲಿಯಲ್ಲಿ ಮಕ್ಕಳ ಗಲಾಟೆಯೋ ಗಲಾಟೆ. "ಅಜ್ಜಾ, ಬಲಕ್ಕೆ! ಬಲಕ್ಕೆ!" ಎಂದು ದೀಕ್ಷಾ ಕೂಗಿದಳು. ಬೊಮ್ಮಯ್ಯನ ಕೈಗೆ ಎಲ್ಲ ನೆನಪಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮತ್ತೆ ನೆಟ್ಟಗೆ ಮಾಡಿ, ಗೋಡೆಯ ಕಂಡಿಯಲ್ಲಿ ಎರಡೂ ಬದಿಗೆ ಒಂದೊಂದು ಗೇಣು ಬಿಟ್ಟು ಲಾರಿಯನ್ನು ತೆಂಗಿನ ಮರಗಳ ನಡುವೆ ತಂದು ನಿಲ್ಲಿಸಿದ. ಒಟ್ಟು ನಲವತ್ತು ಹೆಜ್ಜೆ ದೂರ. ಘಟ್ಟದ ತಿರುವುಗಳಲ್ಲಿ ಸಾವಿರ ಸಲ ಓಡಿಸಿದವನಿಗೆ ಇಷ್ಟು ಖುಷಿಯ ಟ್ರಿಪ್ಪು ಇನ್ನೊಂದು ನೆನಪಿರಲಿಲ್ಲ. ಇಳಿದವನೇ ರಾಜೀವನನ್ನು ತಬ್ಬಿಕೊಂಡ.

ಆಮೇಲೆ ಎಲ್ಲರೂ ರಸ್ತೆ ನೋಡಿದರು. ಅಗಲ ಕಂಡಿತು. ಗದ್ದೆಯಾಚೆಯ ಸಮುದ್ರದ ನೀಲಿಯೂ ಕಂಡಿತು. ಅವತ್ತು ಮಧ್ಯಾಹ್ನ ಸುಗಂಧಾಳ ಮನೆಯಲ್ಲಿ ಎಲ್ಲರಿಗೂ ಅನ್ನ, ಬಂಗಡೆ ಸಾರು.

ಹತ್ತು ದಿನದ ಮೇಲೆ ಗುಜರಿ ಕೇಂದ್ರದವರ ದೊಡ್ಡ ವಾಹನ ಬಂತು. ಸುಗಂಧಾ ಲಾರಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ತೆಂಗಿನಕಾಯಿ ಒಡೆದಳು. ಅದನ್ನು ಎತ್ತಿ ಏರಿಸುವಾಗ ಬೊಮ್ಮಯ್ಯ ಅಳುತ್ತಾನೆಂದು ಎಲ್ಲರೂ ಕಾದಿದ್ದರು. ಅವನು ಅಳಲಿಲ್ಲ. ಅತ್ತದ್ದು ಸುಗಂಧಾ, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ.

"ಅಯ್ಯ ಮಳ್ಳೀ, ಮೂರು ವರ್ಷ ಬೈದವ್ಳು ನೀನೇ ಅಲ್ದಾ?" ಎಂದ ಬೊಮ್ಮಯ್ಯ.

"ಬೈದೆ, ಹೌದು. ಹೊಸತು ತಂದ ದಿನ ಇದ್ರಲ್ಲೇ ನನ್ನ ಮಂಜಗುಣಿ ವೆಂಕಟರಮಣನ ಹತ್ರ ಕರ್ಕಂಡು ಹೋಗಿದ್ರಿ. ಮರೆತ್ರಾ?"

ಮರೆತಿರಲಿಲ್ಲ. ಬೊಮ್ಮಯ್ಯ ಅವಳ ಕೈ ಹಿಡಿದುಕೊಂಡ, ಕೇರಿ ನೋಡುತ್ತಿದ್ದರೂ ಬಿಡಲಿಲ್ಲ. ಪ್ರಮಾಣಪತ್ರ ಬಂತು. ಇಬ್ಬರೂ ಮತ್ತೆ ಕಾರವಾರಕ್ಕೆ ಹೋಗಿ ನೋಂದಣಿ ರದ್ದು ಮಾಡಿಸಿ, ಆ ಕಾಗದವನ್ನು ಪ್ಲಾಸ್ಟಿಕ್ ಹಾಕಿಸಿ ತಂದರು.

ಈಗ ಅವರ್ಸಾದಲ್ಲಿ ಬೊಮ್ಮಯ್ಯನಷ್ಟು ಉಪದೇಶ ಮಾಡುವವರು ಬೇರೆ ಇಲ್ಲ. ಹೋದ ವಾರ ಚಾದಂಗಡಿಯಲ್ಲಿ ಜಟ್ಟ ಸಿಕ್ಕಿದ. ಅವನ ಹಳೇ ಟೆಂಪೋ ಶಾಲೆಯ ತಿರುವಿನಲ್ಲಿ ಆರು ತಿಂಗಳಿಂದ ನಿಂತಿದೆ.

"ಜಟ್ಟ, ಟೆಂಪೋ ಕಾಗದ ಎಲ್ಲಿ ಅದೆ?"

"ಮನೆಯಲ್ಲಿ. ಮುಂದಿನ ತಿಂಗ್ಳು ನೋಡ್ವ ಬೊಮ್ಮಯ್ಯಣ್ಣ."

"ಮುಂದಿನ ತಿಂಗ್ಳಲ್ಲ. ಚಾ ಕುಡಿ, ಕಾಗದ ತಕ್ಕಂಬಾ. ಹನ್ನೊಂದರ ಬಸ್ಸು ಅದೆ. ನಾನೂ ಬರ್ತೆ. ಬನ್ಸ್-ಭಾಜಿ ನೀನೇ ಕೊಡಿಸ್ಬೇಕು ಮತ್ತೆ."

ಇಬ್ಬರೂ ಹನ್ನೊಂದರ ಬಸ್ಸಿಗೇ ಹೋದರು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ನಿಮ್ಮ ಮನೆಯ ಎದುರಿನ ರಸ್ತೆಗೆ ಇಳಿದು ನೋಡಿ. ಅಲ್ಲಿ ನಿಮ್ಮದೊಂದು ಹಳೇ ಲಾರಿ, ಟೆಂಪೋ, ರಿಕ್ಷಾ ನಿಂತಿದೆಯೇ? ನಿಂತಿದ್ದರೆ ಅದರ ವಿಮೆ, ಎಫ್‌ಸಿ, ತೆರಿಗೆಯ ತಾರೀಕು ಇವತ್ತೇ ತೆಗೆದು ಓದಿ. ಓಡಿಸುವುದಿದ್ದರೆ ಸರಿ ಮಾಡಿಸಿ. ಓಡಿಸುವುದಿಲ್ಲವಾದರೆ ರಸ್ತೆ ಬಿಟ್ಟು ಸ್ವಂತ ಜಾಗಕ್ಕೆ ತನ್ನಿ, ಆರ್‌ಟಿಒ ಕಚೇರಿಗೆ ಬರೆದು ಕೊಡಿ. ಆಯುಸ್ಸು ಮುಗಿದಿದ್ದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ನಿಮ್ಮ ಹೆಸರು ಬಿಡಿಸಿಕೊಳ್ಳಿ. ಗೊತ್ತಾಗದಿದ್ದರೆ ಕೇಳಿ, ಕೇಳಲು ನಾಚಿಕೆ ಬೇಡ. ನಿಮ್ಮ ಗಾಡಿಯ ಮರೆಯಿಂದ ಯಾರ ಮನೆಯ ಮಗು ಸೈಕಲ್ ತುಳಿದುಕೊಂಡು ಬರುತ್ತಿದೆಯೋ, ನಿಮಗೆ ಕಾಣುವುದಿಲ್ಲ.